‘ಇಲ್ಲ’ ಎಂದು ಬರೆದುಕೊಂಡ ಮನೆ

ಮಧುಗಿರಿಯಲ್ಲಿ ನಮ್ಮ ಬೀದಿಯವರ ನಡಿಗೆಯೆಲ್ಲ ನನ್ನ ಕಾಲಲ್ಲಿತ್ತು. ಎದುರುಮನೆಯ ಗುಮಾಸ್ತರು ಹೊಟ್ಟೆಯನ್ನು ಮೊದಲು ಕಳಿಸಿ ತಾವು ಹಿಂದಿನಿಂದ ಬರುವುದು, ಹಾಲಿನ ಅಜ್ಜಿ ಸೊಂಟಕ್ಕೆ ಕೈಕೊಟ್ಟು ಏರಿಗೆ ಬೈಯುತ್ತ ಏರು ಹತ್ತುವುದು, ಬಸ್‌ಸ್ಟ್ಯಾಂಡಿನ ಏಜೆಂಟ್ ಒಂದು ಕಾಲನ್ನು ಎಳೆದುಕೊಂಡು ‘ಸಿರಾ ಸಿರಾ ಸಿರಾ’ ಎಂದು ಬಸ್ಸಿನ ಸುತ್ತ ತಿರುಗುವುದು, ಯಾವುದು ಬೇಕೆಂದರೆ ಅದು. ಏಜೆಂಟರು ತಮ್ಮ ನಡಿಗೆಯನ್ನು ತಮ್ಮೆದುರಿಗೇ ಮಾಡಿಸಿ ನೋಡಿ ನಗುತ್ತಿದ್ದರು. ನಗುತ್ತಿದ್ದರು ಎಂದೇ ನಾನು ತಿಳಿದಿದ್ದೆ. ನನ್ನದೇ ನಡಿಗೆ ಹೇಗಿದೆಯೆಂದು ಒಮ್ಮೆ ತಂಗಿಯನ್ನು ಕೇಳಿದರೆ ಅವಳು ಎರಡು ಪಾದಗಳನ್ನೂ ಹೊರಕ್ಕೆ ತಿರುಗಿಸಿ ಅಂಗಳದಲ್ಲಿ ಒಂದು ಸುತ್ತು ಬಾತುಕೋಳಿಯಂತೆ ಬಂದಳು. ಅದಾದ ಮೇಲೆ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದೆ.

ಈ ಕಾಲಿನ ವಿದ್ಯೆಯಿಂದ ಒಬ್ಬ ಹುಡುಗಿಗೆ ಬರಬೇಕಾಗಿದ್ದ ಮೂರು ಗಾಲಿಯ ಸೈಕಲ್ಲು ತಪ್ಪಿಹೋಯಿತು. ಅದನ್ನು ಹೇಳಲು ಕೂತಿದ್ದೇನೆ. ನಡುವೆ ನಗಿಸಲು ಹೋದರೆ ಕ್ಷಮಿಸಿ. ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿಯುಸಿಯಲ್ಲಿ ಎರಡನೇ ಸಲವೂ ಫೇಲಾಗಿ, ಮನೆಯಲ್ಲಿ ಊಟಕ್ಕೆ ಕೂತಾಗ ತಲೆ ಎತ್ತದೆ ಉಣ್ಣುವುದನ್ನು ಕಲಿಯುತ್ತಿದ್ದೆ. ಆಗ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ, ಮನೆಮನೆಗೆ ಹೋಗಿ ಬರೆದುಕೊಳ್ಳುವ ಒಂದು ಸಮೀಕ್ಷೆ ಬಂತು. ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ, ಓದಿದವರು ಯಾರು, ಹೀಗೆ. ನಮ್ಮ ತಂಡದ ಮೇಲ್ವಿಚಾರಕರು ಒಬ್ಬ ಹಿರಿಯ ಮೇಷ್ಟ್ರು. ನನಗೆ ಹಿಂದೆ ಪಾಠ ಹೇಳಿದ್ದವರು, ಅವರ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಆದರೂ ಕೆಲಸ ಕೊಟ್ಟರು.

ಹಾಳೆಯ ಹನ್ನೊಂದನೇ ಕಲಮಿನ ತಲೆಬರಹ ‘ಅಂಗವಿಕಲರು’, ಪ್ರಶ್ನೆ ಹೀಗಿತ್ತು: ಈ ಮನೆಯಲ್ಲಿ ಪೂರ್ತಿ ಕುರುಡರು, ಪೂರ್ತಿ ಕುಂಟರು, ಪೂರ್ತಿ ಮೂಗರು ಇದ್ದಾರೆಯೇ? ಇದ್ದರೆ ಎಷ್ಟು ಜನ?

ಯಾರೋ ಕೈ ಎತ್ತಿ, “ಸಾರ್, ಪೂರ್ತಿ ಅಂದ್ರೆ ಎಷ್ಟು?” ಎಂದ.

“ಪೂರ್ತಿ ಅಂದ್ರೆ ಪೂರ್ತಿ ಕಣಯ್ಯ. ಅವ್ರು ಹೇಳಿದ್ದನ್ನ ಬರ್ಕೊಳ್ಳಿ. ನೀವು ನೋಡಿದ್ದನ್ನ ಬರೀಬ್ಯಾಡಿ. ನೋಡಾಕೆ ನೀವೇನು ಡಾಕ್ಟ್ರಾ?” ಎಂದರು ಮೇಷ್ಟ್ರು. “ಕಾಟು ಹೊಡೆದ ಹಾಳೆ ನಂಗೆ ಬ್ಯಾಡ. ಅರ್ಥ ಆಗ್ಲಿಲ್ಲ ಅಂದ್ರೆ ಬುಡಿಸಿ ಹೇಳಿ, ಒಂದೇ ಸಲ ಸರಿಯಾಗಿ ಬರೀರಿ.”

ಅಭ್ಯಾಸಕ್ಕೆಂದು ನಮ್ಮ ಮನೆಯ ಹಾಳೆಯನ್ನೇ ಮೊದಲು ತುಂಬಿದೆ. ಅಪ್ಪನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಅಮ್ಮ ಯಾವಾಗಲೂ ಆ ಎಡಗಡೆಗೇ ಕೂತು ಮಾತಾಡುತ್ತಿದ್ದಳು, ಅಪ್ಪ ಜಾಗ ಬದಲಿಸುತ್ತಿರಲಿಲ್ಲ. ನನಗೋ ಕನ್ನಡಕ ತೆಗೆದರೆ ಬಾಗಿಲಲ್ಲಿ ನಿಂತದ್ದು ಅತ್ತೆಯೋ ಹಸುವೋ ಗೊತ್ತಾಗುತ್ತಿರಲಿಲ್ಲ. ಹನ್ನೊಂದನೇ ಕಲಮಿನಲ್ಲಿ ‘ಇಲ್ಲ’ ಎಂದು ಬರೆದೆ. ಪೂರ್ತಿ ಯಾರೂ ಇರಲಿಲ್ಲವಲ್ಲ.

ಕೊರಟಗೆರೆಯ ಹತ್ತಿರ ಒಂದು ಹಳ್ಳಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು, “ಕಣ್ಣು ಪೂರ್ತಿ ಕಾಣ್ಸಲ್ವಾ ಅಜ್ಜಿ?” ಎಂದು ಕೇಳಿದೆ.

“ಯಾಕೆ ಕಾಣ್ಸಲ್ಲ? ಬಿಳೀ ಅಂಗಿ ಹಾಕ್ಕಂಡು ಬಂದ್ಬುಟ್ಟು ನನ್ನೇ ಕೇಳ್ತೀಯೇನ್ಲಾ?” ಎಂದರು. ನನ್ನ ಅಂಗಿ ನೀಲಿಯದು. ಅಜ್ಜಿ ಮಾತಾಡುತ್ತಿದ್ದದ್ದು ನನ್ನ ಪಕ್ಕದ ಕಂಬದ ಜೊತೆ. ಅದಕ್ಕೂ ‘ಇಲ್ಲ’ ಎಂದು ಬರೆದೆ. ಸಂಜೆ ತಂಡದವರ ಮುಂದೆ ಆ ಅಜ್ಜಿಯಾಗಿ ಕಂಬಕ್ಕೆ ಬೈದು ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಟ ಶುರುವಾದದ್ದು ಸಿರಾದಲ್ಲಿ. ಅಲ್ಲಿನ ಒಂದು ಓಣಿಯಲ್ಲಿ ದರ್ಜಿಯೊಬ್ಬರು ನನ್ನ ಪ್ರಶ್ನೆಯನ್ನು ಮೂರು ಸಲ ಕೇಳಿಸಿಕೊಂಡು, “ಕ್ಯಾ ಬೋಲ್ರೇ ಭಾಯಿ?” ಎಂದರು. ನನ್ನ ಉರ್ದು ‘ಸಲಾಂ’ನಲ್ಲಿ ಶುರುವಾಗಿ ‘ಬಿರಿಯಾನಿ’ಯಲ್ಲಿ ಮುಗಿಯುತ್ತಿತ್ತು. ಬಿಡಿಸಿ ಹೇಳಿ ಎಂದಿದ್ದರಲ್ಲ ಮೇಷ್ಟ್ರು? ಹಾಳೆಗಳ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ ಗಾಳಿಯನ್ನು ತಡವುತ್ತ ನಾಲ್ಕು ಹೆಜ್ಜೆ ಹೋದೆ. ಆಮೇಲೆ ಒಂದು ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ವಾಪಸ್ ಬಂದೆ. ಆಮೇಲೆ ಬಾಯಿ ತೆರೆದು ಬರೀ ಗಾಳಿ ಬಿಟ್ಟೆ. ಓಣಿಗೆ ಓಣಿಯೇ ನಕ್ಕಿತು. ದರ್ಜಿ ಕಣ್ಣೀರು ಒರೆಸಿಕೊಂಡು, “ನೈ ನೈ, ಐಸಾ ಕೋಯಿ ನೈ,” ಎಂದರು. ಅಂಥವರು ಯಾರೂ ಇಲ್ಲ. ಆವತ್ತು ಆ ಓಣಿಯ ಒಂದು ಮನೆಯಲ್ಲೂ ಯಾರೂ ಇರಲಿಲ್ಲ.

ಈ ಉಪಾಯ ಕನ್ನಡಕ್ಕೂ ಒದಗಿತು, ಪಾವಗಡದ ಕಡೆಯ ತೆಲುಗಿಗೂ ಒದಗಿತು. ನಾನು ಎಲ್ಲರಿಗಿಂತ ಬೇಗ ಮುಗಿಸುತ್ತಿದ್ದೆ. ನನ್ನ ಹಾಳೆಗಳಲ್ಲಿ ಕಾಟು ಇರುತ್ತಿರಲಿಲ್ಲ. ಮೇಷ್ಟ್ರು ಮಿಕ್ಕವರಿಗೆ ನನ್ನ ಹಾಳೆ ತೋರಿಸಿ, “ನೋಡ್ರಿ, ಕ್ಲೀನು!” ಎನ್ನುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಅವರು ನನ್ನನ್ನು ಹೊಗಳಿದ್ದು.

ಹಾಗೆ ಕ್ಲೀನಾಗಿ ಬರೆಯುತ್ತ ಬರೆಯುತ್ತ ಪಾವಗಡ ತಾಲ್ಲೂಕಿನ ವಳ್ಳೂರಿನ ಆಚೆ ಒಂದು ಕುರಿಗಾಹಿಗಳ ಹಟ್ಟಿಗೆ ಹೋದೆ. ಹಿಂದಿನ ದಿನದ ಹಳ್ಳಿಯ ಮಕ್ಕಳು ಸುದ್ದಿ ಮುಟ್ಟಿಸಿಬಿಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಹಟ್ಟಿಯ ನಡುವಿನ ಬಯಲಲ್ಲಿ ಮೂವತ್ತು ಜನ ಸೇರಿದ್ದರು. ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ ಕೇಳುವ ಬದಲು ಅಲ್ಲೇ ಎಲ್ಲರ ಮುಂದೆ ಕೇಳಿದೆ. ಹಟ್ಟಿಯಲ್ಲಿ ಗುಟ್ಟೇನು ಎಂದುಕೊಂಡೆ. ‘ಅಂಗವಿಕಲರು’ ಎಂಬ ಮಾತು ಯಾರಿಗೂ ಗೊತ್ತಿರಲಿಲ್ಲ.

“ಅದೇನಪ್ಪಾ ಅದು? ಚೇಸಿ ಚೂಪಿಂಚು!” ಎಂದು ಒಬ್ಬ ಮುದುಕ ಕೂಗಿದ. ಮಾಡಿ ತೋರಿಸು ಎಂದು.

ಮಾಡಿ ತೋರಿಸಿದೆ. ಅವತ್ತು ಕುಂಟನ ಪಾತ್ರ ಚೆನ್ನಾಗಿ ಬಂತು. ನಮ್ಮ ಬಸ್‌ಸ್ಟ್ಯಾಂಡಿನ ಏಜೆಂಟರನ್ನೇ ಇಳಿಸಿದ್ದೆ, ‘ಸಿರಾ ಸಿರಾ’ ಸಮೇತ. ಒಂದು ಗುಡಿಸಲಿನ ಹೊಸ್ತಿಲಲ್ಲಿ ಉಣ್ಣೆ ನೂಲುತ್ತ ಕೂತಿದ್ದ ಹುಡುಗಿ, ನನ್ನ ತಂಗಿಯ ವಯಸ್ಸಿನವಳು, ನಕ್ಕು ನಕ್ಕು ನೂಲು ಹರಿದುಕೊಂಡಳು. ನನ್ನ ಆಟಕ್ಕೆ ಇಷ್ಟು ಚೆನ್ನಾಗಿ ಯಾರೂ ನಕ್ಕಿರಲಿಲ್ಲ. ಅವಳಿಗಾಗಿಯೇ ಇನ್ನೊಂದು ಸುತ್ತು ಕುಂಟಿದೆ. ಆಮೇಲೆ ಅವಳ ತಾಯಿಯನ್ನು, “ನಿಮ್ಮನೇಲಿ ಈ ಥರದೋರು ಯಾರಾದ್ರೂ?” ಎಂದು ಕೇಳಿದೆ.

ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು, “ನಮ್ಮನೇಲಿ ಅಂಗೆ ಕುಂಟೋರು ಎವರೂ ಲೇರು ಕಣಪ್ಪ. ಇಲ್ಲ,” ಎಂದಳು.

‘ಇಲ್ಲ’ ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಹಾಳೆ ತಿರುವಿದೆ. ಆಗ ಮೋಡ ಕವಿದು ನಾಲ್ಕು ಹನಿ ಬಿತ್ತು. ಉಣ್ಣೆ ನೆನೆಯಬಾರದಲ್ಲ, ಜನ ಎದ್ದರು. ಆ ಹುಡುಗಿ ಪಕ್ಕದಲ್ಲಿದ್ದ ಹವಾಯಿ ಚಪ್ಪಲಿಗಳನ್ನು ತೆಗೆದು ಎರಡೂ ಕೈಗೆ ಹಾಕಿಕೊಂಡಳು. ಕೈಗೆ. ಅಂಗೈಗಳನ್ನು ನೆಲಕ್ಕೆ ಊರಿ, ಉಣ್ಣೆಯ ಬುಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೈಯನ್ನು ಎತ್ತಿ ಎತ್ತಿ ಮುಂದೆ ಇಡುತ್ತ ಒಳಗೆ ಹೋದಳು. ಎರಡು ಸಣ್ಣ ಕಾಲುಗಳು ಮಡಿಸಿದ ಬಟ್ಟೆಯ ಹಾಗೆ ಹಿಂದೆ ಬಂದವು.

ನನ್ನ ಕೈಯಲ್ಲಿ ಪೆನ್ನು ಇತ್ತು. ಮುಚ್ಚಳ ಕೂಡ ಹಾಕಿರಲಿಲ್ಲ. ಒಂದು ಹಾಳೆ ಹಿಂದಕ್ಕೆ ತಿರುವಿದ್ದರೆ ಸಾಕಿತ್ತು. ಕಾಟು ಬೀಳುತ್ತದೆ ಎಂದುಕೊಂಡೆ. ಅವರು ಹೇಳಿದ್ದನ್ನು ತಾನೆ ಬರೆಯಬೇಕು ಎಂದುಕೊಂಡೆ. ಇವೆರಡೂ ಆಮೇಲೆ ಹೊಳೆದ ನೆಪಗಳು. ನಿಜವಾಗಿ ಆಗ ನನಗೆ ಬೇಕಾಗಿದ್ದದ್ದು ಆ ಹೊಸ್ತಿಲ ಮುಂದಿನಿಂದ ಬೇಗ ಹೋಗುವುದು. ಅವಳ ಎದುರಿಗೆ ಎರಡು ಸುತ್ತು ಕುಂಟಿದ್ದೆನಲ್ಲ. ಮಳೆ ಬಂತು ಎಂದು ಎಲ್ಲರಿಗಿಂತ ಮೊದಲು ಓಡಿದವನು ನಾನು.

ಒಂದೆರಡು ತಿಂಗಳು ಕಳೆಯಿತು. ಪಾವಗಡದ ಹೈಸ್ಕೂಲ್ ಮೈದಾನದಲ್ಲಿ ಶಿಬಿರವಂತೆ, ಕಾಲಿಲ್ಲದವರಿಗೆ ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲು, ಊರುಗೋಲು ಕೊಡುತ್ತಾರಂತೆ ಎಂದು ಗೊತ್ತಾಯಿತು. ಯಾವ ಊರಿಗೆ ಎಷ್ಟು ಎಂದು ತೀರ್ಮಾನವಾಗುವುದು ನಮ್ಮ ಹಾಳೆಗಳಿಂದ. ಹಾಳೆಯಲ್ಲಿ ಜನ ಇರುವ ಊರಿಗೆ ಜೀಪು ಹೋಗಿ ಕರೆತರುತ್ತದೆ. ಇಲ್ಲದ ಊರಿಗೆ ಇಲ್ಲ. ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಕೂತು ಪಟ್ಟಿ ನಕಲು ಮಾಡುವಾಗ ಓದಿ ಹೇಳುವ ಕೆಲಸ ನನ್ನದು. ಆಕಾಶವಾಣಿಯ ದನಿಯಲ್ಲಿ ಓದುತ್ತಿದ್ದೆ. ತಿರುಮಣಿ, ಇಷ್ಟು. ರಾಯಚರ್ಲು, ಇಷ್ಟು. ಆಮೇಲೆ ಆ ಹಟ್ಟಿ ಬಂತು. “ಸೊನ್ನೆ” ಎಂದು ಓದಬೇಕಿತ್ತು. ದನಿ ನಿಂತುಹೋಯಿತು.

ಮಿಕ್ಕವರು ಹೋದ ಮೇಲೆ ಮೇಷ್ಟ್ರಿಗೆ ಹೇಳಿದೆ.

“ನೀನ್ ನೋಡ್ದೇನೋ?”

“ನೋಡ್ದೆ ಸಾರ್.”

“ನೋಡಿ ‘ಇಲ್ಲ’ ಅಂತ ಬರ್ದ್ಯಾ?”

“ಬರ್ದ ಮ್ಯಾಲೆ ನೋಡ್ದೆ.”

ಅವರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. “ನೀನು ಸೈನ್ ಮಾಡಿದೀಯಾ. ಅದರ ಕೆಳಗೆ ನಾನೂ ಮಾಡಿದೀನಿ. ಈಗ ಸುಳ್ಳು ಅಂದ್ರೆ ಇಬ್ರೂ ಮನೆಗೆ ಹೋಗ್ಬೇಕಾಗುತ್ತೆ. ನಿಂಗೆ ಮುಂದಿನ ಕೆಲಸಕ್ಕೂ ಹೆಸರು ಕಳ್ಸಿದೀನಿ. ಬಾಯಿ ಮುಚ್ಕಂಡಿರು.”

ಮೇಷ್ಟ್ರ ಮೇಲೆ ಹಾಕಿ ಜಾರಿಕೊಳ್ಳಲು ಇದು ಒಳ್ಳೆಯ ಜಾಗ. ಆದರೆ ಅವರು ನನ್ನ ಬಾಯಿಗೆ ಬಟ್ಟೆ ತುರುಕಲಿಲ್ಲ. ನಾನೇ ಮುಚ್ಚಿಕೊಂಡೆ. ಹನ್ನೆರಡು ದಿನ. ಪಟ್ಟಿ ಮೇಲಕ್ಕೆ ಹೋಯಿತು, ಅದರ ಪ್ರಕಾರ ಸೈಕಲ್ಲುಗಳು ಲಾರಿಯಲ್ಲಿ ಬಂದವು. ಆ ದಿನಗಳಲ್ಲಿ ಯಾರಾದರೂ “ಒಂದು ಕುಂಟು ಹಾಕೋ” ಎಂದರೆ ಗಂಟಲು ನೋವು ಎನ್ನುತ್ತಿದ್ದೆ. ಕುಂಟಲು ಗಂಟಲು ಯಾಕೋ ಎಂದು ಅಪ್ಪ ಕೇಳಿದ. ಆ ಮಾತು ಅವನಿಗೆ ಸರಿಯಾಗಿಯೇ ಕೇಳಿಸಿತ್ತು.

ಶಿಬಿರಕ್ಕೆ ಒಂದು ದಿನ ಇರುವಾಗ ತಡೆಯಲಾರದೆ ಪಾವಗಡದ ಬಸ್ಸು ಹತ್ತಿ, ಇಳಿದು, ಹಟ್ಟಿಗೆ ನಡೆದೆ. ಹೊಸ್ತಿಲಲ್ಲಿ ಅದೇ ಹುಡುಗಿ, ಅದೇ ಉಣ್ಣೆ.

“ಅಮ್ಮಾ, ಕುಂಟೋ ಆಟದೋನು ಬಂದವ್ನೆ!” ಎಂದು ಒಳಕ್ಕೆ ಕೂಗಿದಳು.

ತಾಯಿ ಹೊರಗೆ ಬಂದಳು. ವಿಷಯ ಹೇಳಿದೆ. ಸೈಕಲ್ಲು, ಪಟ್ಟಿ, ನಾನು ಬರೆದದ್ದು. “ನೀವು ಇಲ್ಲ ಅಂದ್ರಿ, ನಾನು ಇಲ್ಲ ಅಂತ ಬರೆದೆ,” ಎಂದೆ. ಅಷ್ಟು ದೂರ ಬಂದು ಹೊರಡಿಸಿದ ಮೊದಲ ಮಾತೇ ಅದು.

ಹುಡುಗಿ ಕದಿರನ್ನು ಕೆಳಗಿಟ್ಟಳು. “ಅವತ್ತು ಮಾಡ್ದಲ್ಲ, ಅದನ್ನ ಇನ್ನೊಂದು ಸಲ ಮಾಡು.”

“ಬೇಡ.”

“ಮಾಡಯ್ಯಾ. ಮೂವತ್ತು ಜನದ ಮುಂದೆ ಮಾಡ್ದೆ, ಇಬ್ರ ಮುಂದೆ ನಾಚ್ಕೆನಾ?”

ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕಿದೆ. ಅಷ್ಟು ಕೆಟ್ಟದಾಗಿ ಎಂದೂ ಹಾಕಿರಲಿಲ್ಲ.

“ಆಂ, ಅದೇ. ಅದು ನಡಿಯೋರ ಆಟ. ನೀನು ಕೇಳಿದ್ದು ಅಂಗೆ ನಡಿಯೋರು ಇದಾರಾ ಅಂತ. ನಾನೆಲ್ಲಿ ನಡೀತೀನಿ? ಅಮ್ಮ ಸುಳ್ಳು ಹೇಳ್ಲಿಲ್ಲ.” ಕದಿರನ್ನು ಮತ್ತೆ ಎತ್ತಿಕೊಂಡು, “ಇಂಗೆ ಕೇಳ್ಬೇಕಾಗಿತ್ತು ಕಣಯ್ಯಾ. ನಿನ್ ಮಗಳು ಬಾವಿ ತಾವ ಒಬ್ಳೇ ಹೋಗ್ತಾಳಾ? ಬಸ್ಸು ಹತ್ತಾಳಾ? ಮಳೆ ಬಂದ್ರೆ ಒಳೀಕೆ ಹೋಗೋಕೆ ಎಷ್ಟೊತ್ತು ಬೇಕು? ಅಂಗೆ ಕೇಳಿದ್ದಿದ್ರೆ ನಮ್ಮಮ್ಮ ನಿನ್ ಕೈ ಸೋತು ಹೋಗೋವರ್ಗೂ ಬರೆಸ್ತಿದ್ಲು.”

“ಹತ್ತು ವರ್ಸದ ತಂಕ ಕಂಕಳಲ್ಲೇ ಎತ್ಕಂಡು ತಿರುಗ್ದೆ,” ಎಂದಳು ತಾಯಿ. “ಜಾತ್ರೆಗೂ ಕುರಿ ಹಿಂದೇನೂ. ಆಮ್ಯಾಕೆ ಭಾರ ಆದ್ಲು. ಇಪ್ಪುಡು ನನ್ ಸೊಂಟ ಕೇಳಲ್ಲ. ಅವತ್ತಿಂದ ಈ ಹೊಸ್ತಿಲೇ ಅವಳೂರು.”

“ಆ ಸೈಕಲ್ಲು ಸಿಕ್ಕಿದ್ರೆ,” ಎಂದು ಹುಡುಗಿ ಕೇಳಿದಳು, “ಯಾರೂ ಎತ್ಕಳ್ದಂಗೆ ರೋಡ್ ತಂಕ ಹೋಗ್ಬೋದಾ?”

“ಹೋಗ್ಬೋದು.”

“ಒಬ್ಳೇ?”

“ಒಬ್ಬಳೇ.”

ಹಟ್ಟಿಯ ರೋಡು ಅಲ್ಲಿಂದ ಕಾಣುವಷ್ಟು ಹತ್ತಿರ. ನಾನು ಐದು ನಿಮಿಷದಲ್ಲಿ ನಡೆದು ಬಂದಿದ್ದೆ.

ರಾತ್ರಿ ಹಟ್ಟಿಯಲ್ಲೇ ಉಳಿದು, ಕೇಳಿ ನೋಡೋಣವೆಂದು ಮಾರನೆಯ ದಿನ ಬೆಳಿಗ್ಗೆ ಅವರ ನೆಂಟರ ಎತ್ತಿನ ಗಾಡಿಯಲ್ಲಿ ಪಾವಗಡಕ್ಕೆ ಹೋದೆವು. ಮೈದಾನದಲ್ಲಿ ಶಾಮಿಯಾನ, ಮೇಜು, ಸಾಲು, ಒಂದು ಬದಿಗೆ ನೀಲಿ ಬಣ್ಣದ ಸೈಕಲ್ಲುಗಳು, ಒಂದೊಂದರ ಹಿಡಿಗೂ ಊರು ಹೆಸರು ಬರೆದ ಚೀಟಿ. ಮೇಜಿನ ಹಿಂದೆ ಶಿಬಿರದ ಅಧಿಕಾರಿ, ಅವರ ಪಕ್ಕ ನಮ್ಮ ಮೇಷ್ಟ್ರು. ನನ್ನನ್ನೂ ನನ್ನ ಹಿಂದಿನ ಗಾಡಿಯನ್ನೂ ನೋಡಿ ಮೇಷ್ಟ್ರು ಪಟ್ಟಿಯ ಕಡೆ ಮುಖ ಮಾಡಿದರು.

“ಈ ಹಟ್ಟೀಲಿ ಯಾರೂ ಇಲ್ವಲ್ಲ. ಯಾರು ಬರೆದದ್ದು ಇದು?” ಎಂದರು ಅಧಿಕಾರಿ.

ಬೈಗುಳ ಬೀಳುವ ಹೊತ್ತಿಗೆ ನಾನು ಬೇರೆ ಯಾರೋ ಆಗಿಬಿಡುತ್ತಿದ್ದೆ. ಅಪ್ಪ ಗದರಿದರೆ ಗುಮಾಸ್ತರಾಗಿ ಉತ್ತರ ಕೊಡುತ್ತಿದ್ದೆ, ಮೇಷ್ಟ್ರು ಗದರಿದರೆ ಹಾಲಿನ ಅಜ್ಜಿಯಾಗಿ. ಅವರು ನಕ್ಕರೆ ನಾನು ಬಚಾವು. ಆವತ್ತೂ ನಾಲಗೆ ಯಾರ ದನಿ ಸಿಕ್ಕೀತು ಎಂದು ತಡಕಾಡಿತು. ಗಾಡಿಯಲ್ಲಿ ಕೂತ ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ನಾನು ಸಾರ್. ತಪ್ಪು ಬರೆದೆ. ಈ ಹುಡುಗಿ ಇದ್ದದ್ದು ನೋಡಿ ಕೂಡ ತಿದ್ದಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆ,” ಎಂದೆ. ದನಿ ತೆಳ್ಳಗೆ ಹೊರಟಿತು. ನನ್ನದು ಹಾಗಿರುತ್ತದೆಂದು ಗೊತ್ತಿರಲಿಲ್ಲ.

ಮೇಷ್ಟ್ರ ಹೆಸರು ನಾನು ಎತ್ತಲಿಲ್ಲ. ಅವರೇ ಪಟ್ಟಿಯಿಂದ ತಲೆ ಎತ್ತಿ, “ಕೆಳಗೆ ನಂದೂ ಸೈನ್ ಇದೆ ಸಾರ್,” ಎಂದರು.

ಅಧಿಕಾರಿ ಗಟ್ಟಿಯಾಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಟ್ಟಿ ಮೇಲಕ್ಕೆ ಹೋಗುವ ಮೊದಲೇ ಹೇಳಿದ್ದರೆ ಇನ್ನೊಂದು ತರಿಸುತ್ತಿದ್ದೆ ಎಂದರು. ಈಗ ಬಂದಿರುವ ಒಂದೊಂದಕ್ಕೂ ಒಬ್ಬೊಬ್ಬರು ಸಾಲಿನಲ್ಲಿ ಕೂತಿದ್ದಾರೆ, ಯಾರದನ್ನು ಕಿತ್ತುಕೊಡಲಿ ಹೇಳು ಎಂದರು. ನಾನು ಸಾಲಿನ ಕಡೆ ನೋಡಲಿಲ್ಲ. ನನ್ನ ಕೈಯಲ್ಲೇ ಒಂದು ಹೇಳಿಕೆ ಬರೆಸಿಕೊಂಡು, ಹುಡುಗಿಯ ವಿವರವನ್ನು ಪಟ್ಟಿಯ ಕೊನೆಗೆ ಸೇರಿಸಿ, ಮುಂದಿನ ಸಲ ಕೊಡುತ್ತೇವೆ ಎಂದರು. ಆ ಮುಂದಿನ ಸಲ ಬಂತೇ ಎಂದು ಕೇಳಲು ನಾನು ಇವತ್ತಿನವರೆಗೂ ಹಟ್ಟಿಗೆ ಹೋಗಿಲ್ಲ. ಬಂದಿರಬಹುದು ಎಂದುಕೊಂಡಿದ್ದೇನೆ. ಹೋಗಿ ಕೇಳಿದರೆ ಹಾಗೆ ಅಂದುಕೊಳ್ಳಲು ಆಗದೆ ಹೋಗಬಹುದು. ಸಿರಾದ ಓಣಿಗೂ ಹೋಗಿಲ್ಲ. ಅಲ್ಲಿ ಎಷ್ಟು ಬಾಗಿಲ ಹಿಂದೆ ಎಷ್ಟು ಜನ ನನ್ನ ಆಟಕ್ಕೆ ನಗುತ್ತ ಕೂತಿದ್ದರೋ.

ಗಾಡಿಯ ಹತ್ತಿರ ಬಂದು ತಾಯಿಗೆ ಹೇಳಿದೆ. ಹುಡುಗಿ ಆಗಲೇ ಕೆಳಗಿಳಿದು, ಪಕ್ಕದಲ್ಲಿ ತನ್ನ ಹೊಸ ಸೈಕಲ್ಲಿನ ಜೊತೆ ಕೂತಿದ್ದ ತಿರುಮಣಿಯ ಕಡೆಯ ಹೆಂಗಸಿನ ಹತ್ತಿರ ಮಾತಿಗಿಳಿದಿದ್ದಳು.

“ಒಂದು ಸುತ್ತು ಕೊಡಕ್ಕಾ,” ಎಂದಳು.

“ತಗಾ ತಾಯಿ. ನಮ್ಮ ಜೀಪು ಬರೋವರ್ಗೂ ಓಡ್ಸು,” ಎಂದಳು ಆ ಹೆಂಗಸು.

ನಾನೂ ಗಾಡಿಯವನೂ ಎತ್ತಿ ಕೂರಿಸಿದೆವು. ಹಿಡಿ ತಿರುಗಿಸುವುದು ಮೊದಲು ಉಲ್ಟಾ ಆಗಿ ಸೈಕಲ್ಲು ಹಿಂದಕ್ಕೆ ಬಂದು ನನ್ನ ಮೊಣಕಾಲಿಗೆ ಬಡಿಯಿತು. “ಈಗ ಕುಂಟು ನೋಡಾಣ!” ಎಂದಳು. ಆಮೇಲೆ ಹದ ಸಿಕ್ಕಿತು. ನೆಲ ಊರಿ ಊರಿ ಗಟ್ಟಿಯಾದ ತೋಳುಗಳು. ಮೈದಾನದ ಒಂದು ಸುತ್ತು ಮುಗಿಯುವಷ್ಟರಲ್ಲಿ ಧೂಳು ಎದ್ದಿತು. ಎರಡನೆಯ ಸುತ್ತಿಗೆ ಅವಳು ತಿರುಗಲೇ ಇಲ್ಲ. ನೆಟ್ಟಗೆ ಗೇಟು ದಾಟಿ ಹೊರಗೆ ಹೋಗಿ, ರೋಡಿನ ಅಂಚಿನಲ್ಲಿ ನಿಲ್ಲಿಸಿದಳು. ಒಬ್ಬಳೇ.

ಜೀಪು ಬಂತು. ಆ ಹೆಂಗಸು ನನ್ನ ಮುಖ ನೋಡಿದಳು. ತಾಯಿಯೂ ನೋಡಿದಳು. ಯಾರಾದರೂ ಹೋಗಿ ಹೇಳಬೇಕಿತ್ತು. ನಾನೇ ಹೋದೆ.

ಹಿಂದಿನಿಂದ ಹೆಜ್ಜೆ ಸದ್ದು ಕೇಳಿ, ತಿರುಗದೆಯೇ, “ಬಂದ್ಯಾ?” ಎಂದಳು.

“ಜೀಪು ಬಂತು. ಅವರದನ್ನ ಕೊಡ್ಬೇಕಂತೆ.”

“ಗೊತ್ತು. ಇರು, ಆ ಹಿಂಡು ದಾಟ್ಲಿ.”

ರೋಡಿನ ತುಂಬ ಯಾರದೋ ಕುರಿಗಳು ಹೋಗುತ್ತಿದ್ದವು. ಕೊನೆಯ ಕುರಿಯೂ ಅದರ ಹಿಂದಿನ ನಾಯಿಯೂ ದಾಟುವವರೆಗೆ ಇಬ್ಬರೂ ಕಾದೆವು. ಆಮೇಲೆ ಅವಳು ಹಿಡಿ ಬಿಟ್ಟು, ಎತ್ತಿಕೊಳ್ಳಲು ಅನುಕೂಲವಾಗುವಂತೆ ಎರಡೂ ತೋಳುಗಳನ್ನು ನನ್ನ ಕಡೆ ಎತ್ತಿದಳು.